ಹೂ ಬೀಳುವ ತನಕ: ದೇವರ ಮಾತಿನ ಬಗ್ಗೆ ಊರಲ್ಲೇ ಒಂದು ಮಲ್ಟಿಮೀಡಿಯಾ ಪ್ರದರ್ಶನ ಕಟ್ಟುವುದು ಹೇಗೆ

ಶಿರಸಿಯಿಂದ ಅರ್ಧ ಗಂಟೆ ದಾರಿಯ ನಮ್ಮೂರಿನ ಹಳೇ ಮನೆಯೊಂದರಲ್ಲಿ ಹತ್ತು ದಿನ ಒಂದು ಪ್ರದರ್ಶನ ಮಾಡಿದ್ದೆವು. ನಮ್ಮ ಕಡೆ ಜನ ದೇವರ ಹತ್ರ ದಿನಾ ಹೇಗೆ ಮಾತಾಡುತ್ತಾರೆ, ದೇವರು ಉತ್ತರ ಕೊಟ್ಟ ಅಂತ ಹೇಗೆ ತಿಳಿಯುತ್ತಾರೆ, ಇದೇ ವಿಷಯ. ಫೋಟೋ, ವಿಡಿಯೊ, ದನಿ, ಒಂದಿಷ್ಟು ಸೆನ್ಸರ್. ಅದಾದ ಮೇಲೆ "ನಮ್ಮೂರಲ್ಲೂ ಮಾಡಬೇಕು, ಹೇಗೆ ಮಾಡಿದ್ರಿ?" ಅಂತ ಕೇಳುವವರು ಜಾಸ್ತಿಯಾದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಒಂದು ಫೋನ್ ಮಾಡಬೇಕಾದರೂ ಗುಡ್ಡ ಹತ್ತಿ ಗೇರುಮರದ ಬುಡದಲ್ಲಿ ನಿಲ್ಲಬೇಕು. ಅಲ್ಲಿ ನಿಂತು ಎಲ್ಲರಿಗೂ ಒಂದೇ ಕಥೆ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ವಿಷಯವನ್ನು ಸಣ್ಣದು ಮಾಡಿ

"ದೇವರು ಮತ್ತು ಮನುಷ್ಯ" ಅಂತ ಶುರು ಮಾಡಿದರೆ ಮುಗಿಯುವುದಿಲ್ಲ. ನಾವೂ ಹಾಗೇ ಶುರು ಮಾಡಿ ಎರಡು ತಿಂಗಳು ಕಳೆದೆವು. ಜಾತ್ರೆ, ತೇರು, ಭಜನೆ, ಯಕ್ಷಗಾನ ಎಲ್ಲದರ ವಿಡಿಯೊ ತುಂಬಿಕೊಂಡೆವು. ಕೂತು ನೋಡಿದರೆ ಪ್ರವಾಸೋದ್ಯಮದ ಜಾಹೀರಾತಿನ ಹಾಗೆ ಕಾಣುತ್ತಿತ್ತು.

ದಾರಿ ಸಿಕ್ಕಿದ್ದು ಆಯಿ, ಅಂದರೆ ನಮ್ಮಮ್ಮ, ಪ್ರಸಾದ ಕೇಳಲು ಹೋದ ದಿನ. ಪ್ರಸಾದ ಕೇಳುವುದು ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಎರಡು ಮಾತು. ಭಟ್ಟರು ದೇವರ ಕಲ್ಲಿಗೆ ನೀರು ಹಚ್ಚಿ ಸಿಂಗಾರದ (ಅಡಿಕೆ ಹೂವಿನ) ಎಸಳು ಅಥವಾ ಬೇರೆ ಹೂವು ಅಂಟಿಸುತ್ತಾರೆ. ಕೇಳುವವರು ಮನಸ್ಸಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಕಾರವಾರದ ಕೊಂಕಣಿ ಮಂದಿ ಇದನ್ನೇ ಕೌಲ್ ಅನ್ನುತ್ತಾರೆ. ಆವತ್ತು ಎಸಳು ಬೀಳಲಿಲ್ಲ. ಭಟ್ಟರು ಇನ್ನೊಮ್ಮೆ ಹೇಳಿಕೊಂಡರು. ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು. ಒಂದು ಎಸಳು ಅರ್ಧ ಬಿಟ್ಟುಕೊಂಡು ನೀರಿನ ಹನಿಗೆ ನೇತಾಡಿತು. ಎಲ್ಲರೂ ಉಸಿರು ಹಿಡಿದರು. ಹೊರಗೆ ಯಾರದೋ ಬೈಕ್ ಸ್ಟಾರ್ಟ್ ಆಗದೆ ಒದೆಯುತ್ತಿದ್ದ ಸದ್ದು. ಹಿಂದೆ ನಿಂತ, ಕಣ್ಣು ಕಾಣದ ಅಜ್ಜಿಯೊಬ್ಬರು ಮೆಲ್ಲಗೆ "ಬಿತ್ತನ?" ಅಂತ ಕೇಳಿದರು.

ಅಷ್ಟೇ. ನಮ್ಮ ಪ್ರದರ್ಶನ ಅದೇ ಆಯಿತು. ದೇವರನ್ನು ತೋರಿಸುವುದು ಬೇಡ, ಉತ್ತರವನ್ನೂ ತೋರಿಸುವುದು ಬೇಡ, ಕಾಯುವ ಹೊತ್ತನ್ನು ತೋರಿಸೋಣ. ನೀವೂ ಹೀಗೆ ಒಂದು ಸಾಲಿನಲ್ಲಿ ಹೇಳಲು ಬರುವ ತನಕ ಕ್ಯಾಮೆರಾ ಮುಟ್ಟಬೇಡಿ. ಆ ಸಾಲು ಇದ್ದರೆ ಯಾವುದನ್ನು ಬಿಡಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ನಮ್ಮ ಜಾತ್ರೆ ವಿಡಿಯೊ ಎಲ್ಲ ಹೋಯಿತು, ಒಂದನ್ನೂ ಬಳಸಲಿಲ್ಲ.

ಯಾರನ್ನು, ಯಾವಾಗ, ಏನು ಕೇಳಬೇಕು

ಸಮಯ ಮೊದಲು ನೋಡಿ. ಘಟ್ಟದ ಮೇಲೆ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಹೊತ್ತಿಗೆ ಯಾರೂ ನಿಮ್ಮ ಜೊತೆ ಕೂತು ಮಾತಾಡುವುದಿಲ್ಲ. ಅಡಿಕೆ ಸುಲಿಯುತ್ತಾ ಮಾತಾಡಿದರೂ ರೆಕಾರ್ಡಿಂಗಿನಲ್ಲಿ ಮೆಟ್ಟುಗತ್ತಿ ಸದ್ದೇ ಕೇಳುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಮೀನುಗಾರರು ಬಲೆ ಹೊಲಿಯುತ್ತಾ ದಡದಲ್ಲೇ ಇರುತ್ತಾರೆ. ಕಾರವಾರದ ಮಾತುಗಳನ್ನೆಲ್ಲ ನಾವು ಸಂಗ್ರಹಿಸಿದ್ದು ಆಗ. ಮಳೆ ಸದ್ದು ಹಿಂದೆ ಇರುತ್ತದೆ, ಇರಲಿ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನ ದನಿಯಲ್ಲಿ ಮಳೆ ಇಲ್ಲದಿದ್ದರೇ ಅನುಮಾನ ಬರಬೇಕು.

"ನೀವು ದೇವರನ್ನು ನಂಬುತ್ತೀರಾ?" ಅಂತ ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ಎಲ್ಲರೂ ಪ್ರವಚನ ಶುರು ಮಾಡುತ್ತಾರೆ. "ಕೊನೆಯ ಸಲ ಪ್ರಸಾದ ಕೇಳಿದ್ದು ಯಾವಾಗ? ಯಾವ ವಿಷಯಕ್ಕೆ? ಎಷ್ಟು ಹೊತ್ತು ಕಾದಿರಿ? ಆಮೇಲೆ ಏನು ಮಾಡಿದಿರಿ?" ಅಂತ ಕೇಳಿ. ಇಷ್ಟೇ ಸಾಕು, ಕಥೆ ತಾನಾಗಿ ಬರುತ್ತದೆ. ನಮ್ಮ ಪಕ್ಕದೂರಿನ ತೋಟದವರೊಬ್ಬರು ಬೋರ್‌ವೆಲ್ ತೆಗೆಸುವುದಕ್ಕೆ ಪ್ರಸಾದ ಕೇಳಿದ್ದರು. ಎಡಕ್ಕೆ ಬಿತ್ತು, ತೆಗೆಸಲಿಲ್ಲ. ಆಚೆ ತೋಟದವ ಏನೂ ಕೇಳದೆ ತೆಗೆಸಿದ, ನೀರು ಬಂತು. "ಹಾಗಾದರೆ ದೇವರು ಸುಳ್ಳು ಹೇಳಿದ ಹಾಗೆ ಆಯ್ತಲ್ವಾ?" ಅಂದೆ. ಅವರು ನನ್ನನ್ನೇ ಪಾಪ ಅನ್ನುವ ಹಾಗೆ ನೋಡಿ, "ನಾನು ಕೇಳಿದ್ದು ನನ್ನ ಜಾಗದ್ದು, ಅವನ ಜಾಗದ್ದಲ್ಲ" ಅಂದರು. ಈ ಒಂದು ಮಾತಿಗೆ ನಾನು ಪೂರ್ತಿ ಗೋಡೆ ಕೊಟ್ಟೆ.

ಒಂದೇ ಜಾತಿ, ಒಂದೇ ಧರ್ಮಕ್ಕೆ ನಿಲ್ಲಿಸಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಗೆ ಮಾಡಿದರೆ ಕಣ್ಣು ಮುಚ್ಚಿಕೊಂಡ ಹಾಗೆ. ಹಳಿಯಾಳ, ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಭಟ್ಕಳದಲ್ಲಿ ಆಜಾನ್ ಕೇಳಿ ಅಂಗಡಿ ಬಾಗಿಲು ಅರ್ಧ ಎಳೆಯುವ ಕೈ, ಹೊನ್ನಾವರದ ಚರ್ಚಿನ ಗಂಟೆಗೆ ಮಾತು ನಿಲ್ಲಿಸುವ ಅಮ್ಮ, ನೂಲು ಹುಣ್ಣಿಮೆಗೆ ಕಾರವಾರದ ದಡದಲ್ಲಿ ಸಮುದ್ರಕ್ಕೆ ಕಾಯಿ ಬಿಡುವ ಮೀನುಗಾರ, ಗುಡ್ಡದ ಚೌಡಿಗೆ ಬೆಲ್ಲ ಇಟ್ಟು ಹೋಗುವ ಕೆಲಸದವ, ಇವರೆಲ್ಲ ಒಂದೇ ಕೋಣೆಯಲ್ಲಿ ಇರಲಿ. ಪಕ್ಕಪಕ್ಕ ಇಟ್ಟರೆ ಸಾಕು, "ಎಲ್ಲ ಒಂದೇ" ಅಂತ ಬೋರ್ಡು ಹಾಕಬೇಡಿ, ಅದು ನೋಡುವವರ ಕೆಲಸ.

ಯಾವುದನ್ನು ತೆಗೆಯಬಾರದು

ಇಲ್ಲಿ ನನ್ನದೇ ತಪ್ಪು ಹೇಳಬೇಕು. ಒಂದು ಕಡೆ ಹೆಂಗಸೊಬ್ಬರಿಗೆ ಭಾರ ಬಂದಾಗ (ದೇವರು ಮೈಮೇಲೆ ಬಂದಾಗ) ನಾನು ವಿಡಿಯೊ ಮಾಡಿಕೊಂಡೆ. ಸುತ್ತ ಹತ್ತು ಮೊಬೈಲು ಎದ್ದಿದ್ದವು, ನನ್ನದು ಹನ್ನೊಂದನೆಯದು ಅಂತ ಸಮಾಧಾನ ಮಾಡಿಕೊಂಡೆ. ಎರಡು ವಾರದ ಮೇಲೆ ಅವರ ಮಗ ಬಂದು ಜಗಲಿಯಲ್ಲಿ ಕೂತ. ಜಗಳ ಇಲ್ಲ, ಏನಿಲ್ಲ. "ಅಮ್ಮಂಗೆ ಆಮೇಲೆ ಏನೂ ನೆನಪಿರುವುದಿಲ್ಲ. ನೀವು ತೋರಿಸಿದರೆ ಅವಳೇ ಅವಳನ್ನು ಮೊದಲ ಸಲ ನೋಡುವುದು" ಅಂದ. ಅವನ ಎದುರೇ ಅಳಿಸಿದೆ. ಮೈಮೇಲೆ ಬಂದದ್ದನ್ನು ತೋರಿಸಬೇಡಿ. ಆ ಹೊತ್ತಿನಲ್ಲಿ ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇರುವುದಿಲ್ಲ. ಬೇಕೇ ಬೇಕಿದ್ದರೆ ಕಲಶದ ಎದುರು ಕೂತು ನೋಡುತ್ತಿರುವವರ ಮುಖ ತೆಗೆಯಿರಿ, ಅದೂ ಕೇಳಿಕೊಂಡು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಅರ್ಧ ಪುಟ ಸಾಕು. ಎಲ್ಲಿ ತೋರಿಸುತ್ತೇವೆ, ಎಷ್ಟು ದಿನ, ಇಂಟರ್ನೆಟ್ಟಿಗೆ ಹಾಕುತ್ತೇವಾ ಇಲ್ಲವಾ, ಬೇಡ ಅನಿಸಿದರೆ ಯಾರಿಗೆ ಹೇಳಬೇಕು. ಓದಲು ಬಾರದವರಿಗೆ ಓದಿ ಹೇಳಿ, ಅವರು "ಅಡ್ಡಿಲ್ಲ" ಅಂದದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗರ್ಭಗುಡಿಯ ಒಳಗೆ ಕ್ಯಾಮೆರಾ ತೂರಿಸಬೇಡಿ. ನಮ್ಮ ಪ್ರಸಾದದ ವಿಡಿಯೊ ಕೂಡ ಮನೆ ಹಿತ್ತಲಿನಲ್ಲಿ, ಒಂದು ಖಾಲಿ ಕಲ್ಲಿಗೆ ಎಸಳು ಅಂಟಿಸಿ ತೆಗೆದದ್ದು. ಹಾಗಂತ ಪಕ್ಕದಲ್ಲೇ ಬರೆದು ಹಾಕಿದ್ದೆವು, ಆದರೂ ನೋಡಿದವರು ಕೈ ಮುಗಿದರು.

ಮೂರ್ತಿ ತಂದು ಇಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮೂರ್ತಿ ಕೂತ ಕೂಡಲೇ ಪೂಜೆ ಯಾರು ಮಾಡುವುದು, ಮಡಿ ಮೈಲಿಗೆ ಏನು, ಚಪ್ಪಲಿ ಎಲ್ಲಿ ಬಿಡುವುದು, ಯಾರು ಒಳಗೆ ಬರಬಹುದು ಅಂತ ಶುರುವಾಗುತ್ತದೆ. ಪ್ರದರ್ಶನಕ್ಕೆ ಎಲ್ಲರೂ ಬರಬೇಕು ಅಂತಿದ್ದರೆ ಪೀಠ ಖಾಲಿ ಇರಲಿ. ಹಾಗೆಯೇ ಗುಮಟೆ (ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ) ಇಡುವುದಾದರೆ ಆಡಿನ ಚರ್ಮದ್ದು ಇಡಿ. ಹಳೇ ಗುಮಟೆಗಳಿಗೆ ಉಡದ ಚರ್ಮ ಇರುತ್ತದೆ. ಉಡ ವನ್ಯಜೀವಿ ಕಾಯ್ದೆಯಲ್ಲಿ ಬರುವ ಪ್ರಾಣಿ, ಸುಮ್ನೆ ತಲೆಬಿಸಿ. ಭಜನೆಗೆ ಕ್ಯಾಸೆಟ್ಟಿನ ಹಾಡು ಹಾಕುವುದೂ ತಲೆಬಿಸಿಯೇ. ಕೀರ್ತನೆ ನಾನೂರು ವರ್ಷ ಹಳೆಯದಿರಬಹುದು, ಆದರೆ ಅದರ ರೆಕಾರ್ಡಿಂಗಿಗೆ ಪ್ರಕಟವಾದಲ್ಲಿಂದ 60 ವರ್ಷ ಹಕ್ಕು ಇರುತ್ತದೆ. ಊರಿನ ಭಜನಾ ಮಂಡಳಿಯವರನ್ನು ಕೂರಿಸಿ ನೀವೇ ರೆಕಾರ್ಡ್ ಮಾಡಿ, ಚಹಾ ಅವಲಕ್ಕಿಯಲ್ಲಿ ಮುಗಿಯುತ್ತದೆ.

ದನಿ ಹಿಡಿಯುವುದು

ನನ್ನ ಕೇಳಿದರೆ ಈ ವಿಷಯಕ್ಕೆ ದನಿಯೇ ಮುಖ್ಯ, ಚಿತ್ರ ಆಮೇಲೆ. ದುಡ್ಡು ಕಡಿಮೆ ಇದ್ದರೆ ಕ್ಯಾಮೆರಾ ಮೊಬೈಲೇ ಇರಲಿ, ಮೈಕು ಒಳ್ಳೆಯದು ತನ್ನಿ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಒಂದು, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು. ಸಮುದ್ರ ದಡಕ್ಕೆ ಹೋಗುವುದಾದರೆ ಮೈಕಿಗೆ ತುಪ್ಪಳದ ಟೋಪಿ ಇಲ್ಲದೆ ಹೋಗಬೇಡಿ. ಗಾಳಿ ಹೊಡೆದ ರೆಕಾರ್ಡಿಂಗನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ನಾನು ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಒಂದು ಇಡೀ ಸಂಜೆ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಬರೀ ಬುಸ್ ಬುಸ್.

48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲು, ಹೀಗೆ ಇಟ್ಟುಕೊಳ್ಳಿ. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಅದರ ಲೆಕ್ಕದಲ್ಲಿ ಕಾರ್ಡು ಒಯ್ಯಿರಿ. ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸು ಆಡುತ್ತಿರಲಿ. ಗಂಟೆ, ಶಂಖ, ಜಾಗಟೆಗೆ ಇನ್ನೂ ಕಡಿಮೆ ಮಾಡಿ, ಮೊದಲ ಏಟೇ ಒಡೆದುಬಿಡುತ್ತದೆ. ಘಟ್ಟದ ಮೇಲೆ ಸಂಜೆ ರೆಕಾರ್ಡ್ ಮಾಡಬೇಡಿ, ಜೀರುಂಡೆ ಮುಂದೆ ನಿಮ್ಮ ಅಜ್ಜಿ ಸೋಲುತ್ತಾರೆ. ಬೆಳಿಗ್ಗೆ ಹತ್ತರ ಮೇಲೆ ಒಳ್ಳೆಯದು. ಮಾತು ಶುರುವಾಗುವ ಮೊದಲು ಫ್ರಿಜ್, ಫ್ಯಾನ್ ಬಂದ್ ಮಾಡಿಸಿ, ವಾಪಸ್ ಹೊರಡುವಾಗ ಚಾಲೂ ಮಾಡುವುದು ಮರೆಯಬೇಡಿ. ನಾನು ಮರೆತು ಒಬ್ಬರ ಮನೆಯ ಹಾಲು ಒಡೆಯಿತು.

ಇನ್ನೊಂದು. ಮಾತು ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ನೆ ಕೂರಿಸಿ, ಆ ಸುಮ್ಮನಿರುವುದನ್ನೂ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಮಾತುಗಳ ನಡುವೆ ತೇಪೆ ಹಾಕಲು ಬೇಕಾಗುತ್ತದೆ. ನಮ್ಮ ಪ್ರದರ್ಶನದಲ್ಲಂತೂ ಆ ಒಂದೊಂದು ನಿಮಿಷಗಳೇ ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು.

ಜಾಗ

ಹಾಲ್ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಬಿಳಿ ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿಯ ಕಲ್ಯಾಣ ಮಂಟಪದಲ್ಲಿ ಯಾರೂ ಪಿಸುಮಾತು ಕೇಳುವುದಿಲ್ಲ. ಕೊಚ್ಚಿಯ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನ 2012ರಲ್ಲಿ ಶುರುವಾದಾಗ ಹಳೇ ಸಾಂಬಾರ ಗೋದಾಮುಗಳನ್ನೇ ಹಿಡಿದುಕೊಂಡಿತು. ನಮ್ಮಲ್ಲಿ ಅಂಥವು ಬೇಕಾದಷ್ಟಿವೆ: ಅಡಿಕೆ ಅಟ್ಟ, ಮಕ್ಕಳಿಲ್ಲದೆ ಮುಚ್ಚಿದ ಶಾಲೆ, ಯಜಮಾನರು ಬೆಂಗಳೂರು ಸೇರಿ ಬೀಗ ಬಿದ್ದ ಮನೆ. ನಮಗೆ ಸಿಕ್ಕಿದ್ದು ಮೂರನೆಯದು. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಮೇಲೆ ಅಟ್ಟ. ಮನೆಯೊಳಗೆ ನಡೆದುಕೊಂಡು ಹೋದ ಹಾಗೆ ಪ್ರದರ್ಶನವೂ ನಡೆಯುತ್ತದೆ, ನಾವು ಬೇರೆ ನಕ್ಷೆ ಬರೆಯಲೇ ಇಲ್ಲ.

ಜಾಗ ಕೇಳುವ ಮೊದಲು ಮೂರು ನೋಡಿ. ಹಂಚು ಸೋರುತ್ತದಾ, ಅರ್ಥಿಂಗ್ ಇದೆಯಾ, ಅಟ್ಟ ಎಷ್ಟು ಜನರ ಭಾರ ಹೊರುತ್ತದೆ. ಮೂರನೆಯದಕ್ಕೆ ಊರಿನ ಬಡಗಿಯನ್ನೇ ಕರೆದು ತೋರಿಸಿ. ನಮ್ಮ ಬಡಗಿ ಒಂದು ಜಂತಿಯನ್ನು ಉಗುರಿನಿಂದ ಕೆರೆದು, ಪುಡಿ ಮೂಸಿ, "ಏಳು ಜನ, ಎಂಟನೆಯವರು ಬಂದರೆ ಒಬ್ಬರು ಇಳೀಲಿ" ಅಂದ. ಅದನ್ನೇ ಬೋರ್ಡು ಮಾಡಿ ಹಾಕಿದೆವು. ಅಂಗಳದಲ್ಲಿ ಸೋಗೆ ಚಪ್ಪರ ಚೆಂದ, ಆದರೆ ಅದರ ಕೆಳಗೆ ವೈರ್ ಎಳೆಯಬೇಡಿ, ದೀಪ ಹಚ್ಚಬೇಡಿ. ಒಣಗಿದ ಸೋಗೆಗೆ ಒಂದು ಕಿಡಿ ಸಾಕು.

ಖಾಲಿ ಕೋಣೆಯಲ್ಲಿ ದನಿ ಗಂಯ್ ಅನ್ನುತ್ತದೆ. ಅದಕ್ಕೆ ಅಂಗಡಿಯ ಫೋಮ್ ಬೇಡ. ಗೋಡೆಗೆ ಕಂಬಳಿ ತೂಗುಬಿಡಿ, ಮೂಲೆಗೆ ಅಡಿಕೆ ಚೀಲ ಒಟ್ಟಿ. ಒಳಗೆ ಅಡಿಕೆ ಇದ್ದರಂತೂ ಇನ್ನೂ ಒಳ್ಳೆಯದು. ವಾಸನೆ ಪುಕ್ಕಟೆ.

ಒಂದೊಂದು ಕೋಣೆ

ಜಗಲಿಯಿಂದ ಶುರು. ಯಲ್ಲಾಪುರ ತಾಲೂಕಿನ ಚಂದಗುಳಿಯ ಘಂಟೆ ಗಣಪತಿ ಗೊತ್ತಲ್ವಾ, ಹರಕೆ ಹೊತ್ತವರು ಅಲ್ಲಿ ಗಂಟೆ ಕಟ್ಟುತ್ತಾರೆ. ಸಣ್ಣದು ದೊಡ್ಡದು ಸಾಲು ಸಾಲು ಗಂಟೆ. ಪ್ರತಿಯೊಂದು ಗಂಟೆಯೂ ಯಾರದೋ ಒಂದು ಮಾತು, ಆದರೆ ಯಾವ ಮಾತು ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ. ನಾವು ದೇವಸ್ಥಾನದ ಗಂಟೆ ಯಾವುದನ್ನೂ ತರಲಿಲ್ಲ. ಊರಿನ ಮನೆಗಳಿಂದ ಪೂಜೆ ಗಂಟೆ, ದನದ ಕೊರಳಿನ ಗಂಟೆ ಎರವಲು ತಂದು ಬಾಗಿಲ ತೊಲೆಗೆ ಸೆಣಬಿನ ದಾರದಲ್ಲಿ ಕಟ್ಟಿದೆವು. ಒಳಗೆ ಬರಬೇಕಾದರೆ ತಲೆ ತಗುಲಿ ಸದ್ದಾಗಲೇಬೇಕು. ಇದಕ್ಕೆ ಕರೆಂಟು ಬೇಡ, ಕೆಡುವುದಿಲ್ಲ, ಮಕ್ಕಳು ಇಲ್ಲಿಂದ ಮುಂದೆ ಹೋಗುವುದೇ ಇಲ್ಲ.

ನಡುಮನೆಯಲ್ಲಿ ಮಾತಾಡುವ ಹರಿವಾಣ. ಸರ್ಫೇಸ್ ಟ್ರಾನ್ಸ್‌ಡ್ಯೂಸರ್ ಅಂತ ಒಂದು ಸಾಮಾನು ಆನ್‌ಲೈನಿನಲ್ಲಿ ಸಿಗುತ್ತದೆ. ಸ್ಪೀಕರಿನಂತೆಯೇ, ಆದರೆ ಅದಕ್ಕೆ ಕಾಗದದ ಕೋನ್ ಇರುವುದಿಲ್ಲ, ಯಾವುದಕ್ಕೆ ಅಂಟಿಸುತ್ತೀರೋ ಅದೇ ಅದುರಿ ದನಿ ಮಾಡುತ್ತದೆ. ಹಿತ್ತಾಳೆ ಹರಿವಾಣದ ಹಿಂದೆ ಅಂಟಿಸಿ ಸಣ್ಣ ಆಂಪ್ಲಿಫೈಯರಿಗೆ ಕೊಟ್ಟರೆ ಹರಿವಾಣವೇ ಮಾತಾಡುತ್ತದೆ. ದನಿ ಸ್ವಲ್ಪ ತಗಡು ತಗಡು ಬರುತ್ತದೆ, ಅದೇ ಚೆಂದ. ಹತ್ತು ಹರಿವಾಣ, ಹತ್ತು ಜನ, ಒಬ್ಬೊಬ್ಬರಿಗೆ ಒಂದೊಂದು. ಎಲ್ಲ ದನಿ ಕಲಸಿ ಎರಡು ದೊಡ್ಡ ಸ್ಪೀಕರಿನಲ್ಲಿ ಬಿಡಬೇಡಿ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ 40 ಸ್ಪೀಕರ್ ನಿಲ್ಲಿಸಿ ಒಂದೊಂದರಲ್ಲಿ ಒಬ್ಬೊಬ್ಬ ಗಾಯಕರ ದನಿ ಬಿಟ್ಟರು. ಹತ್ತಿರ ಹೋದರೆ ಒಬ್ಬರು, ನಡುವೆ ನಿಂತರೆ ಎಲ್ಲರೂ. ಹಾಡಿನ ನಡುವಿನ ಬಿಡುವಿನಲ್ಲಿ ಗಾಯಕರು ಕೆಮ್ಮುವುದು, ಹರಟುವುದೂ ಅದರಲ್ಲಿದೆ. ನಾನು ಅದನ್ನು ಯೂಟ್ಯೂಬಿನಲ್ಲಿ ಮಾತ್ರ ನೋಡಿದ್ದು, ಆದರೂ ಆ ಕೆಮ್ಮು ಬಿಡಬಾರದು ಅನ್ನುವುದನ್ನು ಅಲ್ಲಿಂದಲೇ ಕಲಿತೆ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಹರಿವಾಣಗಳ ನಡುವೆ ಒಂದೂವರೆ ಮೀಟರ್ ಬಿಟ್ಟು, ಕಿವಿ ಹತ್ತಿರ ತಂದರೆ ಮಾತ್ರ ಅರ್ಥವಾಗುವಷ್ಟು ಸಣ್ಣ ಮಾಡಿ.

ದೇವರ ಕೋಣೆಯಲ್ಲಿ ಪ್ರಸಾದದ ವಿಡಿಯೊ. ಹನ್ನೊಂದು ನಿಮಿಷ, ಒಂದೇ ಶಾಟ್, ಕಟ್ ಇಲ್ಲ. ಒದ್ದೆ ಕಲ್ಲು, ಐದು ಎಸಳು. ಎಸಳು ಬೀಳುವ ಒಂದು ಕ್ಷಣ ಮೊದಲು ಕತ್ತಲಾಗುತ್ತದೆ. ಬಂದವರಲ್ಲಿ ಅರ್ಧ ಜನ ನನ್ನ ಮೇಲೆ ಸಿಟ್ಟಾದರು. ಒಬ್ಬರಂತೂ "ಎತ್ಲಾಗೆ ಬಿತ್ತು ಹೇಳಿ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ" ಅಂತ ಎರಡು ಸಲ ಬಂದು ಕೇಳಿದರು. ಹೇಳಲಿಲ್ಲ.

ಪ್ರೊಜೆಕ್ಟರ್ ತರುವಾಗ ಅದರ ಥ್ರೋ ಅನುಪಾತ ನೋಡಿ. 1.5 ಅಂತಿದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ 3 ಮೀಟರ್ ದೂರ ಬೇಕು. ನಮ್ಮ ಹಳೇ ಮನೆಗಳ ದೇವರ ಕೋಣೆ ಅಷ್ಟು ಉದ್ದ ಇರುವುದೇ ಇಲ್ಲ, ಹಾಗಾಗಿ 0.5ರ ಶಾರ್ಟ್ ಥ್ರೋ ಬಾಡಿಗೆಗೆ ಹುಡುಕಿ, 1 ಮೀಟರಿನಲ್ಲಿ ಮುಗಿಯುತ್ತದೆ. ಬೆಳಕು 3000 ಲ್ಯೂಮೆನ್ ಇದ್ದರೆ ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಗೆ ಧಾರಾಳ. ಪರದೆ ಬೇಡ, ಸುಣ್ಣದ ಗೋಡೆಯ ಮೇಲೇ ಬಿಡಿ. ಗೋಡೆಯ ಉಬ್ಬುತಗ್ಗು ಕಲ್ಲಿನ ಉಬ್ಬುತಗ್ಗಿಗೆ ಸೇರಿ ಯಾವುದು ಗೋಡೆ ಯಾವುದು ಚಿತ್ರ ಗೊತ್ತಾಗುವುದಿಲ್ಲ. ಪೆನ್‌ಡ್ರೈವಿನಿಂದ ಓಡಿಸುವಾಗ ವಿಡಿಯೊ ಮುಗಿದು ಮತ್ತೆ ಶುರುವಾಗುವ ನಡುವೆ ಮೆನು, ಫೈಲಿನ ಹೆಸರು ಎಲ್ಲ ಬಂದು ಮರ್ಯಾದೆ ಹೋಗುತ್ತದೆ. ಅದಕ್ಕೆ ಅದೇ ವಿಡಿಯೊವನ್ನು ಮತ್ತೆ ಮತ್ತೆ ಜೋಡಿಸಿ ಮೂರು ನಾಲ್ಕು ಗಂಟೆಯ ಒಂದೇ ಎಂಪಿ4 ಮಾಡಿ.

ಅಡುಗೆಮನೆಯ ಮೂಲೆಯಲ್ಲಿ ಹಲ್ಲಿ. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಹೇಳಿದ ಮಾತು ಸತ್ಯ ಅಂತ ಲೆಕ್ಕ. ಬೆರಳಲ್ಲಿ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನಬೇಕು. ಯಾರಾದರೂ ಹಾದು ಹೋದಾಗ ಹಲ್ಲಿಯ ದನಿ ಕೇಳಿಸಲು ಬೇಕಾದ್ದು ಎಚ್‌ಸಿ-ಎಸ್‌ಆರ್501 ಅನ್ನುವ ಚಲನೆ ಸೆನ್ಸರ್, ಒಂದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡು), ಡಿಎಫ್‌ಪ್ಲೇಯರ್ ಮಿನಿ (ಕಾರ್ಡಿನಲ್ಲಿರುವ ದನಿ ನುಡಿಸುವ ಸಣ್ಣ ಬೋರ್ಡು), 32 ಜಿಬಿಗೆ ಮೀರದ ಮೈಕ್ರೊ ಎಸ್‌ಡಿ ಕಾರ್ಡು, 3 ವ್ಯಾಟಿನ ಸಣ್ಣ ಸ್ಪೀಕರ್, 5 ವೋಲ್ಟಿನ ಅಡಾಪ್ಟರ್. ಆರ್ಡುಯಿನೊದಿಂದ ಪ್ಲೇಯರಿಗೆ ಹೋಗುವ ಆರ್‌ಎಕ್ಸ್ ತಂತಿಯ ನಡುವೆ 1 ಕಿಲೊಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಟಿರ್ರ್ ಅನ್ನುತ್ತದೆ. ಸೆನ್ಸರಿನಲ್ಲಿ ಎರಡು ತಿರುಪು ಇವೆ. ಒಂದು ಎಷ್ಟು ದೂರದ ತನಕ ನೋಡಬೇಕು ಅನ್ನುವುದಕ್ಕೆ, 3ರಿಂದ 7 ಮೀಟರ್. ಇನ್ನೊಂದು ಎಷ್ಟು ಹೊತ್ತು ಎಚ್ಚರ ಇರಬೇಕು ಅನ್ನುವುದಕ್ಕೆ. ದೂರದ್ದನ್ನು ಪೂರ್ತಿ ಕಡಿಮೆ ಮಾಡಿ. ಮುಖ್ಯ ಗುಟ್ಟು ಏನೆಂದರೆ, ಪ್ರತಿ ಸಲ ಕೂಗಿಸಬೇಡಿ. ಆರು ಏಳು ಜನ ಹಾದು ಹೋದರೆ ಒಮ್ಮೆ ಕೂಗುವ ಹಾಗೆ ಪ್ರೋಗ್ರಾಮಿನಲ್ಲಿ ಬರೆಯಿರಿ. ಎಲ್ಲರಿಗೂ ಕೂಗಿದರೆ ಅದು ಕಾಲಿಂಗ್ ಬೆಲ್ ಆಗುತ್ತದೆ. ಯಾವಾಗಲೋ ಒಮ್ಮೆ ಕೂಗಿದರೆ ಜನ ತಟ್ಟನೆ ನಿಂತು, ಈಗ ತಾನೇ ಏನು ಮಾತಾಡುತ್ತಿದ್ದೆವು ಅಂತ ಯೋಚಿಸುತ್ತಾರೆ. ಮೂರನೇ ದಿನ ನಿಜವಾದ ಹಲ್ಲಿಯೊಂದು ಸ್ಪೀಕರಿಗೆ ಉತ್ತರ ಕೊಡಲು ಶುರು ಮಾಡಿತು. ಅದನ್ನು ಮಾಡಿಸಲು ನನಗೆ ಬರುವುದಿಲ್ಲ, ನಿಮಗೆ ಅದೃಷ್ಟ ಇದ್ದರೆ ಬರುತ್ತದೆ.

ಅಟ್ಟದಲ್ಲಿ ಹಳೇ ಲ್ಯಾಂಡ್‌ಲೈನ್ ಫೋನುಗಳು. ರಿಸೀವರಿನ ಒಳಗಿನದನ್ನು ಬಿಚ್ಚಿ ಇಯರ್‌ಫೋನಿನ ಸ್ಪೀಕರ್ ಕೂರಿಸಿ, ಎಂಪಿ3 ಪ್ಲೇಯರಿಗೆ ಜೋಡಿಸಿದರೆ ಆಯಿತು. ಎತ್ತಿದರೆ ಯಾರೂ ಮಾತಾಡುವುದಿಲ್ಲ. ಆ ಒಂದು ನಿಮಿಷದ ಸುಮ್ಮನಿರುವುದು ಹೇಳಿದೆನಲ್ಲ, ಅದನ್ನೇ ಹಾಕಿದ್ದೆವು. ಭಟ್ಕಳದ ಮನೆಯದ್ದು, ಕಾರವಾರದ ದೋಣಿಯದ್ದು, ನಮ್ಮನೆ ನಡುಮನೆಯದ್ದು. ಹುಡುಗರು "ಹಾಳಾಗಿದೆ" ಅಂತ ಇಟ್ಟುಬಿಡುತ್ತಿದ್ದರು. ವಯಸ್ಸಾದವರು ಇಡುತ್ತಿರಲಿಲ್ಲ.

ಕರೆಂಟು

ಹೋಗುತ್ತದೆ. ಹೋಗುವುದಕ್ಕಿಂತ ಬರುವುದು ಅಪಾಯ. ಎಂಟನೇ ರಾತ್ರಿ ನಾವು ಬೀಗ ಹಾಕಿ ಹೋಗಿದ್ದೆವು, ಸ್ವಿಚ್ ತೆಗೆದಿರಲಿಲ್ಲ. ನಡುರಾತ್ರಿ ಹೋಗಿದ್ದ ಕರೆಂಟು ಎರಡು ಗಂಟೆಗೆ ಬಂತು. ಈ ಸೆನ್ಸರುಗಳಿಗೆ ವಿದ್ಯುತ್ ಸಿಕ್ಕ ಮೊದಲ ಒಂದು ನಿಮಿಷ ತಲೆ ಸರಿ ಇರುವುದಿಲ್ಲ, ಯಾರೂ ಇಲ್ಲದಿದ್ದರೂ ಸುಮ್ಮನೆ ಕೂಗುತ್ತವೆ. ಹರಿವಾಣಗಳೂ ಒಟ್ಟಿಗೇ ಶುರು. ಬೀಗ ಹಾಕಿದ ಕತ್ತಲೆ ಮನೆಯಲ್ಲಿ ಹತ್ತು ಜನ ದೇವರ ಹತ್ರ ಮಾತಾಡುತ್ತಿದ್ದಾರೆ, ಹಲ್ಲಿ ಹೌದು ಹೌದು ಅನ್ನುತ್ತಿದೆ. ಪಕ್ಕದ ಮನೆಯ ಮಾವ ಟಾರ್ಚ್ ಹಿಡಿದು ಬಂದವರು, ಮೊದಲು ನಮ್ಮನ್ನು ಕರೆಯಲಿಲ್ಲ, ವಾಪಸ್ ಹೋಗಿ ದೇವರಿಗೆ ದೀಪ ಹಚ್ಚಿ ಆಮೇಲೆ ಕರೆದರು. ರಾತ್ರಿ ಮೇನ್ ಸ್ವಿಚ್ (ಎಂಸಿಬಿ) ಇಳಿಸಿಯೇ ಹೋಗಿ. ಪ್ರೋಗ್ರಾಮಿನಲ್ಲಿ ಮೊದಲ 90 ಸೆಕೆಂಡ್ ಸೆನ್ಸರಿನ ಮಾತು ಕೇಳಬೇಡ ಅಂತ ಬರೆಯಿರಿ.

ಇನ್ವರ್ಟರ್ ಲೆಕ್ಕ ಹೀಗೆ: 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ 1800 ವ್ಯಾಟ್ ಅವರ್. ಕೈಗೆ ಸಿಗುವುದು ಹೆಚ್ಚೆಂದರೆ ಮೂರನೇ ಎರಡು ಪಾಲು, 1200. ಪ್ರೊಜೆಕ್ಟರ್, ಆಂಪ್ಲಿಫೈಯರ್, ದೀಪ ಸೇರಿ 400 ವ್ಯಾಟ್ ಆದರೆ ಮೂರು ಗಂಟೆ. ಹೊರಗೆ ಅಂಗಳಕ್ಕೆ ಸ್ಪೀಕರ್ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೇಗೂ ಇಲ್ಲ. ಕಾರವಾರ, ಅಂಕೋಲೆ ಕಡೆ ದಡದ ಹತ್ತಿರ ಮಾಡುವವರು ಕನೆಕ್ಟರುಗಳನ್ನು ದಿನಾ ಬಿಚ್ಚಿ ಒರೆಸಿ. ಉಪ್ಪುಗಾಳಿಗೆ ಒಂದು ವಾರದಲ್ಲಿ ಹಸಿರು ಹಿಡಿಯುತ್ತದೆ.

ಬೋರ್ಡು, ಅಕ್ಷರ

ನಾವು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಫೈಲು ಕಳಿಸಿದೆವು, ಪ್ರಿಂಟಿಂಗ್ ಅಂಗಡಿಯಲ್ಲಿ ಯೂನಿಕೋಡಿಗೆ ಬದಲಿಸಿದರು, ಒತ್ತಕ್ಷರ ಎಲ್ಲ ಬಿಡಿಸಿಕೊಂಡು "ಪ್‌ರಸಾದ" ಅಂತ ಎರಡಡಿ ಎತ್ತರಕ್ಕೆ ಬಂತು. ಪಿಡಿಎಫ್ ಮಾಡಿ, ಅಕ್ಷರಗಳನ್ನು ಔಟ್‌ಲೈನಿಗೆ ಬದಲಿಸಿಯೇ ಕಳಿಸಿ. ಬರಹ 24 ಪಾಯಿಂಟಿಗಿಂತ ಸಣ್ಣದು ಬೇಡ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಕನ್ನಡಕ್ಕೆ ಕೆಳಗೂ ಒತ್ತು ಇಳಿಯುತ್ತದೆ. 12 ಮೆಗಾಪಿಕ್ಸೆಲಿನ ಮೊಬೈಲ್ ಫೋಟೋ ಇಂಚಿಗೆ 150 ಚುಕ್ಕಿ ಲೆಕ್ಕದಲ್ಲಿ 26ಕ್ಕೆ 20 ಇಂಚಿನ ತನಕ ಚೆನ್ನಾಗೇ ಬರುತ್ತದೆ. ಫೋಟೋದ ನಡು ನೆಲದಿಂದ 145 ಸೆಂಟಿಮೀಟರ್ ಇರಲಿ. ಬಣ್ಣಕ್ಕೆ ನಾವು ಹೊರಗೆಲ್ಲೂ ಹುಡುಕಲಿಲ್ಲ. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ, ಬಿಳಿ ಸುಣ್ಣದ ಮೇಲೆ ಕೆಂಪು, ಎರಡೇ ಬಣ್ಣ. ಅಷ್ಟು ಸಾಕು.

ಯಾವಾಗ ಇಡಬೇಕು, ಹೇಗೆ ಬಿಚ್ಚಬೇಕು

ಕೊಯ್ಲು ಮುಗಿದು, ಮಕ್ಕಳ ಪರೀಕ್ಷೆ ಶುರುವಾಗುವ ಮೊದಲಿನ ಹದಿನೈದು ದಿನ ಘಟ್ಟದ ಮೇಲೆ ಸರಿಯಾದ ಹೊತ್ತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಜಾತ್ರೆಯ ವರ್ಷವಾದರೆ ತಾರೀಕು ನೋಡಿಕೊಳ್ಳಿ. ಜಾತ್ರೆ ಗದ್ದಲದಲ್ಲಿ ಪಿಸುಮಾತಿನ ಪ್ರದರ್ಶನಕ್ಕೆ ಯಾರೂ ಬರುವುದಿಲ್ಲ, ಬರಬಾರದು ಕೂಡ. ಸಂಜೆ ನಾಲ್ಕರಿಂದ ಎಂಟು ಸಾಕು. ಒಳಗೆ ಯಾವಾಗಲೂ ಊರಿನ ಒಬ್ಬರು ಕೂತಿರಲಿ, ವಿವರಿಸಲಿಕ್ಕಲ್ಲ, ಬಂದವರಿಗೆ ನೀರು ಬೆಲ್ಲ ಕೊಡಲಿಕ್ಕೆ.

ಎರವಲು ತಂದ ಸಾಮಾನಿಗೆ ಮೊದಲ ದಿನವೇ ದಾರದಲ್ಲಿ ಚೀಟಿ ಕಟ್ಟಿ. ನಮಗೆ ಕೊನೆಯಲ್ಲಿ ಎರಡು ಪೂಜೆ ಗಂಟೆ ಒಂದೇ ಥರ ಕಂಡು, ಯಾರದ್ದು ಯಾವುದು ಅಂತ ಎರಡು ಮನೆಯವರನ್ನೂ ಕರೆಸಬೇಕಾಯಿತು. ಅವರು ನೋಡಲೇ ಇಲ್ಲ, ಒಮ್ಮೆ ಅಲ್ಲಾಡಿಸಿ ಕೇಳಿ ತಮ್ಮದನ್ನು ತೆಗೆದುಕೊಂಡು ಹೋದರು.

ಕೊನೆಯದು ಹರಕೆ ಚೀಟಿ. ಹೊರಡುವ ಬಾಗಿಲಲ್ಲಿ ಒಂದು ಹಂಡೆ ಇಟ್ಟು, ದೇವರ ಹತ್ರ ಕೇಳಬೇಕಾದ್ದನ್ನು ಬರೆದು ಮಡಚಿ ಹಾಕಿ ಅಂದಿದ್ದೆವು. ಹಂಡೆ ತುಂಬಿತು. ಇವನ್ನು ಏನು ಮಾಡುವುದು ಅಂತ ಮೊದಲೇ ಯೋಚಿಸಿರಲಿಲ್ಲ, ನೀವು ಯೋಚಿಸಿಕೊಳ್ಳಿ. ಓದುವ ಹಾಗಿಲ್ಲ, ಎಸೆಯುವ ಹಾಗಿಲ್ಲ, ಹೊಳೆಗೆ ಬಿಟ್ಟರೆ ಹೊಳೆ ಹಾಳು. ಪುಣ್ಯಕ್ಕೆ ಮಾಮೂಲಿ ಕಾಗದ, ಪೆನ್ಸಿಲ್ ಇಟ್ಟಿದ್ದೆವು. ಆಯಿ ಹೇಳಿದ ಹಾಗೆ ಹಿತ್ತಲ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಹುಗಿದೆವು. ಸುರಿಯುವಾಗ ಮಡಚದೇ ಹಾಕಿದ್ದ ಒಂದು ಚೀಟಿ ಮಾತ್ರ ಮೇಲುಮುಖವಾಗಿ ಬಿತ್ತು, ಕಣ್ಣಿಗೆ ಬಿದ್ದೇಬಿಟ್ಟಿತು. "ನಮ್ಮೂರಿಗೆ ಟವರ್ ಬರಲಿ" ಅಂತಿತ್ತು. ಇದನ್ನು ನಿಮಗೆ ಕಳಿಸಲು ನಾನು ಈಗ ಗೇರುಮರದ ಬುಡಕ್ಕೆ ಹೊರಟಿದ್ದೇನೆ.